ದನಿ ತೆಗೆದು ಓದಿದಾಗ

ಬಿ.ಎಸ್ಸಿ. ಓದುವವರಿಗೆ ಕನ್ನಡದ ತರಗತಿ ಎಂದರೆ ಬಹಳ ಸಲ ಪ್ರಯೋಗಾಲಯದ ರೆಕಾರ್ಡ್ ಬರೆದು ಮುಗಿಸುವ ಹೊತ್ತು. ನಮ್ಮ ತರಗತಿಯಲ್ಲಿ ಹಾಗಾಗಲಿಲ್ಲ. ಪದ್ಯವನ್ನು ಕಣ್ಣಲ್ಲೇ ಓದಿ ಮುಗಿಸಲು ಮೇಷ್ಟ್ರು ಬಿಡುತ್ತಿರಲಿಲ್ಲ. ಸಾರಾಂಶ ಆಮೇಲೆ, ಮೊದಲು ವಾಚನ ಎಂಬುದು ಅವರ ಪಟ್ಟು. ಆಸೆಪಟ್ಟವರಿಗೆ ಕಾಲೇಜು ಬಿಟ್ಟ ಮೇಲೆ, ಕಾವ್ಯವನ್ನು ರಾಗದಲ್ಲಿ ವಾಚಿಸುವ ಗಮಕವನ್ನೂ ಹೇಳಿಕೊಟ್ಟರು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಈ ಕಲೆ ಮನೆಮಾತು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಆದರೂ ನಮ್ಮಲ್ಲಿ ಹೆಚ್ಚಿನವರು ಗಮಕವೆಂಬ ಹೆಸರನ್ನೇ ಕೇಳಿರಲಿಲ್ಲ.

ಗಮಕಕ್ಕೆ ತಾಳದ ಕಟ್ಟಿಲ್ಲ. ರಾಗ ಉಂಟು, ಆದರೆ ಅದು ಸಾಹಿತ್ಯದ ಹಿಂದೆಯೇ ನಡೆಯಬೇಕು. ಹಾಡುವ ಮೊದಲು ಪದ ಬಿಡಿಸಬೇಕು, ಅನ್ವಯ ಮಾಡಿಕೊಳ್ಳಬೇಕು. ನಾವು ಓದಿದ ಕುಮಾರವ್ಯಾಸ ಭಾರತ ಇರುವುದು ಭಾಮಿನಿ ಷಟ್ಪದಿಯಲ್ಲಿ. ಅದರ ಗಿಡ್ಡ ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ 23. ಪ್ರಸ್ತಾರ ಹಾಕಿ ಲಘು ಗುರು ಗುರುತಿಸುವುದು ಹೈಸ್ಕೂಲಿನಿಂದಲೇ ಬರುತ್ತಿತ್ತು. ಆ ಲೆಕ್ಕ ಉಸಿರಿನದೂ ಹೌದೆಂದು ತಿಳಿದದ್ದು ಈಗ. ಕುಮಾರವ್ಯಾಸನ ಮಾತು ಸಾಲಿನ ಕೊನೆಗೆ ನಿಲ್ಲುವುದಿಲ್ಲ. ಎಷ್ಟೋ ಕಡೆ ಪದವೇ ಒಡೆದು ಮುಂದಿನ ಸಾಲಿಗೆ ಹರಿಯುತ್ತದೆ. ಸಾಲು ಮುಗಿಯಿತೆಂದು ಅಲ್ಲೇ ಉಸಿರು ತೆಗೆದುಕೊಂಡರೆ ಅರ್ಥ ಕಡಿದುಹೋಗುತ್ತದೆ.

ನಾವು ಹೆಚ್ಚು ದಿನ ಕಳೆದದ್ದು ಉದ್ಯೋಗಪರ್ವದಲ್ಲಿ. ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಹಸ್ತಿನಾಪುರದ ರಾಜ್ಯ ನಿನ್ನದೇ ಎನ್ನುತ್ತಾನೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ನಡುವೆ ನೀನು ಎಂದು ಓಲಗದ ಚಿತ್ರ ಬಿಡಿಸುತ್ತಾನೆ. ಕೇಳುತ್ತ ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ. ಆಗಲೂ ಅವನು ಒಳಗೊಳಗೇ ಮರುಗುವುದು ದುರ್ಯೋಧನನಿಗೆ ಕೇಡು ಬಂತಲ್ಲ ಎಂದು! ಐದು ಅಂಕದ ಸಾರಾಂಶದಲ್ಲಿ ಇದನ್ನು ಎರಡು ವಾಕ್ಯಕ್ಕೆ ಇಳಿಸಿಬಿಡಬಹುದು. ದನಿ ಕೊಡಲು ಹೊರಟರೆ ಅಷ್ಟು ಬೇಗ ದಾಟಲಾಗದು. ಕೃಷ್ಣನ ಮಾತು ಹೇಳುವಷ್ಟು ಹೊತ್ತು ಕೃಷ್ಣನನ್ನು ನಂಬಬೇಕು, ಕರ್ಣನ ಮಾತು ಬಂದಾಗ ಕರ್ಣನನ್ನು. ಕರ್ಣ ಮಾಡಿದ್ದು ಸರಿಯೋ ತಪ್ಪೋ ಎಂದು ಹಾಸ್ಟೆಲಿನಲ್ಲಿ ಎಷ್ಟು ವಾದಿಸಿದ್ದೇವೆ! ಆ ವಾದಗಳಲ್ಲಿ ಅವನ ಕೊರಳು ಕಟ್ಟಿದ್ದು ನಮಗೆ ಯಾರಿಗೂ ಕೇಳಿಸಿರಲಿಲ್ಲ.

ಈ ತರಗತಿ ನನ್ನನ್ನು ಬೆಳೆಸಿತು ಎಂದು ನಾನು ಧೈರ್ಯವಾಗಿ ಹೇಳುವುದು ಹೀಗೆ ಕೇಳಿಸಿಕೊಳ್ಳಲು ಕಲಿಸಿದ್ದಕ್ಕೇ. ಊರಿಂದ ಅಪ್ಪ ಫೋನು ಮಾಡಿ ಮಳೆಯ ವಿಷಯ, ಸೊಸೈಟಿಯ ಸಾಲದ ವಿಷಯ ಹೇಳುವಾಗ ಎಲ್ಲಿ ತಡೆದರು, ಯಾವುದನ್ನು ಬೇಗ ಬೇಗ ಹೇಳಿ ಮುಗಿಸಿದರು ಎಂಬುದು ಈಗ ನನಗೆ ಕೇಳಿಸುತ್ತದೆ. ಕೇಳಿಸಿದ ಮೇಲೆ ಸುಮ್ಮನೆ ಫೋನು ಇಡಲು ಮನಸ್ಸು ಬರುವುದಿಲ್ಲ, ಇನ್ನೊಂದು ಮಾತು ಕೇಳುತ್ತೇನೆ. ವಿಜ್ಞಾನದ ಮಕ್ಕಳಿಗೆ ಭಾಷೆಯ ತರಗತಿ ಯಾಕೆ ಎನ್ನುವವರ ಮುಂದೆ ಇಡಲು ನನ್ನಲ್ಲಿ ಇದಕ್ಕಿಂತ ದೊಡ್ಡ ಉತ್ತರವಿಲ್ಲ.

ರಾಜ್ಯದ ಸಿರಿಗೆ ಸೋಲುವವನು ತಾನಲ್ಲ ಎಂದು ಕರ್ಣ ಉತ್ತರಿಸುವ ಪದ್ಯಕ್ಕೆ ಯಾವ ರಾಗ ಎಂಬ ಚರ್ಚೆ ನಮ್ಮ ಗುಂಪಿನಲ್ಲಿ ಇನ್ನೂ ಮುಗಿದಿಲ್ಲ. ಅಲ್ಲಿರುವುದು ವೀರ, ಅಠಾಣವೇ ಸರಿ ಎನ್ನುತ್ತಾಳೆ ಗೆಳತಿ. ಮೇಷ್ಟ್ರು ಅಠಾಣ, ಮುಖಾರಿ ಎರಡರಲ್ಲೂ ಹಾಡಿ ತೋರಿಸಿ ತೀರ್ಮಾನ ನಮಗೇ ಬಿಟ್ಟರು. ನಾನು ಮುಖಾರಿಯ ಪಕ್ಷ. ಆ ಮಾತು ಆಡುವ ಹೊತ್ತಿಗೆ, ತಾನು ಯಾರ ಮೇಲೆ ಬಾಣ ಹೂಡಬೇಕೋ ಅವರು ತನ್ನ ತಮ್ಮಂದಿರು ಎಂಬುದು ಕರ್ಣನಿಗೆ ಗೊತ್ತಾಗಿಹೋಗಿದೆ.