ತೊಗರಿ ಕಣಜದಲ್ಲಿ ಏರದ ಇಳುವರಿ

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೆಸರು ದೊಡ್ಡದಾಯಿತು, ಇಳುವರಿ ಏರಲಿಲ್ಲ. ದೇಶದಲ್ಲೇ ತೊಗರಿ ದಶಕಗಳಿಂದ ಹೆಕ್ಟೇರಿಗೆ 7-8 ಕ್ವಿಂಟಲ್ ಆಸುಪಾಸಿನಲ್ಲಿ ನಿಂತಿದೆ.

ತಪ್ಪು ರೈತನದಲ್ಲ. ಮುಂಗಾರಿನಲ್ಲಿ ಬಿತ್ತಿದ ಬೆಳೆ ಕೊಯ್ಲಿಗೆ ಬರುವುದು ಡಿಸೆಂಬರ್-ಜನವರಿಗೆ. ಅಷ್ಟೂ ಕಾಲ ಮಳೆಯೇ ಗತಿ. ಹೂ ಬಿಡುವಾಗ ತೇವ ಆರಿದರೆ ಹೂ ಉದುರುತ್ತದೆ, ಎರೆ ಹೊಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. 2022ರಲ್ಲಂತೂ ನೆಟೆ ರೋಗ ನಿಂತ ಬೆಳೆಯನ್ನೇ ಒಣಗಿಸಿತು.

ಈ ಭಾಗ ಹಿಂದುಳಿದಿರುವುದು ಹೊಸ ಸಂಗತಿಯೇನಲ್ಲ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತ್ತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು.

ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅನುದಾನವೂ ಬಂತು. ಆ ಹಣದಲ್ಲಿ ಕಟ್ಟಡಗಳಿಗಿಂತ ಮೊದಲು ಕೃಷಿ ಹೊಂಡಗಳಿಗೆ, ನೆಟೆ ತಡೆಯುವ ಬೀಜಕ್ಕೆ, ಹೊಲಕ್ಕೇ ಬಂದು ಸಲಹೆ ಕೊಡುವ ಕೃಷಿ ಸಿಬ್ಬಂದಿಗೆ ಪಾಲು ಸಿಗಲಿ.