ಚಿತ್ರಪಟವೂ ಸರಕಾರದ ಬೊಕ್ಕಸವೂ

ಅಮೆರಿಕದಲ್ಲಿ ತಯಾರಾದ ಚಿತ್ರಪಟಗಳನ್ನು ನೋಡುವ ನಮ್ಮ ವಾಚಕರಲ್ಲಿ ಕೆಲವರು, ಕಥೆಯು ಮುಗಿದು ಹೆಸರುಗಳ ಸಾಲು ತೆರೆಯ ಮೇಲೆ ಏರುತ್ತಿರುವಾಗ, ಕೊನೆಕೊನೆಗೆ ಒಂದು ಪೀಚ್ ಹಣ್ಣಿನ ಗುರುತು ಮೂಡಿ ಮರೆಯಾಗುವುದನ್ನು ಕಂಡಿರಬಹುದು. ಅಷ್ಟು ಹೊತ್ತಿಗೆ ಪ್ರೇಕ್ಷಕರಲ್ಲಿ ಬಹುಮಂದಿ ಬಾಗಿಲು ಸೇರಿರುತ್ತಾರೆ. ಆದರೆ ಆ ಹಣ್ಣಿನ ಬೆಲೆ ಸಾಮಾನ್ಯವಾದುದಲ್ಲ. ಅದು ಜಾರ್ಜಿಯಾ ಸಂಸ್ಥಾನದ ಗುರುತು. 5 ಲಕ್ಷ ಡಾಲರಿಗೆ ಕಡಮೆಯಿಲ್ಲದಂತೆ ಅಲ್ಲಿ ವೆಚ್ಚಮಾಡಿ ಚಿತ್ರ ತೆಗೆಯುವವರಿಗೆ, 2008ರ ಕಾನೂನಿನ ಮೇರೆಗೆ, ವೆಚ್ಚದಲ್ಲಿ ನೂರಕ್ಕೆ 20ರಷ್ಟು ತೆರಿಗೆಯ ವಿನಾಯಿತಿ ದೊರೆಯುತ್ತದೆ. ಹಣ್ಣಿನ ಗುರುತನ್ನು ತೋರಿಸಿದರೆ ಇನ್ನೂ 10. ಹತ್ತು ಕೋಟಿ ಡಾಲರು ವೆಚ್ಚಮಾಡಿದವನಿಗೆ ಆ ಒಂದು ಹಣ್ಣಿನಿಂದಲೇ ಒಂದು ಕೋಟಿ!

ವಿನಾಯಿತಿಯೆಂದರೆ ತೆರಬೇಕಾದ ತೆರಿಗೆಯಲ್ಲಿ ಕಡಿತವೆಂದೇ ನಾವು ತಿಳಿಯುತ್ತೇವೆ. ಆದರೆ ಚಿತ್ರ ತಯಾರಿಸುವವನು ಲಾಸ್ ಏಂಜಲೀಸಿನವನು; ಜಾರ್ಜಿಯಾಕ್ಕೆ ಆತನು ತೆರಬೇಕಾದ ತೆರಿಗೆ ಅತ್ಯಲ್ಪ. ಹಾಗಾದರೆ ಕಡಿತದಿಂದ ಆತನಿಗೇನು ಫಲ? ಇಲ್ಲಿಯೇ ಕಾನೂನಿನ ಚಮತ್ಕಾರವಿದೆ. ಅಂಗಡಿಯವನೊಬ್ಬನು ಪರವೂರಿನ ಗಿರಾಕಿಗೆ, ಬಾಕಿಯಲ್ಲಿ 30 ರೂಪಾಯಿ ಮನ್ನಾ ಎಂದು ಚೀಟಿ ಬರೆದುಕೊಟ್ಟನೆನ್ನೋಣ. ಗಿರಾಕಿಗೆ ಬಾಕಿಯೇ ಇಲ್ಲ. ಆತನು ಆ ಚೀಟಿಯನ್ನು ಬಾಕಿಯುಳ್ಳ ಮತ್ತೊಬ್ಬನಿಗೆ 27 ರೂಪಾಯಿಗೆ ಮಾರಿ ತನ್ನೂರಿಗೆ ಹೊರಟುಹೋಗುತ್ತಾನೆ. ಕೊಂಡವನು ಅದರಿಂದ 30 ರೂಪಾಯಿಯ ಸಾಲವನ್ನು ತೀರಿಸಿಕೊಳ್ಳುತ್ತಾನೆ. ಇಬ್ಬರಿಗೂ ಲಾಭ, ಅಂಗಡಿಯ ಪೆಟ್ಟಿಗೆಗೆ ಬರಬೇಕಾಗಿದ್ದ ಹಣ ಮಾತ್ರ ಬರಲಿಲ್ಲ. ಜಾರ್ಜಿಯಾದಲ್ಲಿ ಈ ಚೀಟಿಯನ್ನು ಕೊಳ್ಳುವವರು ಹೆಚ್ಚಾಗಿ ಅಲ್ಲಿಯ ದೊಡ್ಡ ವ್ಯಾಪಾರ ಸಂಸ್ಥೆಗಳೂ ಸಿರಿವಂತರೂ ಆಗಿರುವುದು ಸಹಜವೇ.

ಇದರಿಂದ ಏನೂ ಪ್ರಯೋಜನವಾಗಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಅಟ್ಲಾಂಟಾ ನಗರದ ಸುತ್ತ ದೊಡ್ಡ ಸ್ಟುಡಿಯೋಗಳು ಎದ್ದವು. ಹಿಂದೆ ಸೈನ್ಯದ ನೆಲೆಯಾಗಿದ್ದ ಫೋರ್ಟ್ ಮ್ಯಾಕ್‌ಫರ್ಸನ್ನಿನಲ್ಲಿ ಟೈಲರ್ ಪೆರಿಯವರ ಸ್ಟುಡಿಯೋ 2019ರಲ್ಲಿ ಆರಂಭವಾಯಿತು. ಬಡಗಿ, ದರ್ಜಿ, ವಿದ್ಯುದ್ದೀಪದ ಕೆಲಸಗಾರ, ಊಟ ಒದಗಿಸುವವ, ಇವರೆಲ್ಲರಿಗೂ ಕೂಲಿ ದೊರೆಯಿತು. ಆದರೆ ಅದೇ ಸಂಸ್ಥಾನದ ಲೆಕ್ಕತನಿಖೆಯವರು 2020ರಲ್ಲಿ, ಅರ್ಹವಲ್ಲದ ವೆಚ್ಚಗಳಿಗೂ ವಿನಾಯಿತಿ ಸಂದಿದೆಯೆಂದೂ, ಲಾಭವನ್ನು ಹೆಚ್ಚಾಗಿಯೇ ಹೇಳಲಾಗಿದೆಯೆಂದೂ ವರದಿ ಮಾಡಿದರು. ಆಮೇಲೆ ತನಿಖೆಯನ್ನು ಕಡ್ಡಾಯಗೊಳಿಸಲಾಯಿತು. ಅಷ್ಟು ವರ್ಷ ಏಕೆ ಕಾಯಬೇಕಾಗಿತ್ತೋ!

ಈ ಪೈಪೋಟಿಗೆ ಚಾಲನೆ ಕೊಟ್ಟವರಲ್ಲಿ ಲೂಸಿಯಾನ, ನ್ಯೂ ಮೆಕ್ಸಿಕೋ ಸಂಸ್ಥಾನಗಳು ಮುಖ್ಯವಾದವು. 2002ರಿಂದ ಅವು ಉದಾರವಾಗಿ ಕೊಡತೊಡಗಿದುವು. ಕೆಲವೇ ವರ್ಷಗಳಲ್ಲಿ 40ಕ್ಕೂ ಹೆಚ್ಚು ಸಂಸ್ಥಾನಗಳು ಹಿಂಬಾಲಿಸಿದುವು. ಕಥೆಯ ಊರನ್ನೇ ತೆರಿಗೆಯು ಬದಲಿಸಿದ್ದೂ ಉಂಟು. ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ ನಡೆಯಬೇಕಾಗಿದ್ದ 'ಬ್ರೇಕಿಂಗ್ ಬ್ಯಾಡ್' ಎಂಬ ದೂರದರ್ಶನದ ಕಥೆ, ಈ ರಿಯಾಯಿತಿಗಾಗಿಯೇ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಸಾಗಿತು. ಅಯೋವದಲ್ಲಿ ಚಿತ್ರದ ಹೆಸರಿನಲ್ಲಿ ಬೆಲೆಬಾಳುವ ಮೋಟಾರುಗಳನ್ನು ಕೊಂಡ ಸಂಗತಿ ಹೊರಬಿದ್ದು, 2009ರಲ್ಲಿ ಯೋಜನೆಯೇ ನಿಂತಿತು.

ಎಲ್ಲಕ್ಕಿಂತ ನಮ್ಮನ್ನು ಚಿಂತೆಗೆ ಈಡುಮಾಡಿದ್ದು ಮಿಷಿಗನ್ನಿನ ವೃತ್ತಾಂತ. ಮೋಟಾರು ಕಾರಖಾನೆಗಳು ಸೊರಗುತ್ತಿದ್ದ ಆ ಸಂಸ್ಥಾನವು 2008ರಲ್ಲಿ ನೂರಕ್ಕೆ 42ರ ವರೆಗೂ ಹಣ ಹಿಂದಿರುಗಿಸುವುದಾಗಿ ಸಾರಿತು. ಪಾಂಟಿಯಾಕ್ ಎಂಬ ಊರಿನಲ್ಲಿ ಜನರಲ್ ಮೋಟಾರ್ಸಿನವರು ಬಿಟ್ಟುಹೋಗಿದ್ದ ಸ್ಥಳದಲ್ಲಿ ಸ್ಟುಡಿಯೋ ಕಟ್ಟಲು 1 ಕೋಟಿ 80 ಲಕ್ಷ ಡಾಲರುಗಳ ಸಾಲಪತ್ರಗಳು ಹೊರಟುವು. ಅವುಗಳಿಗೆ ಹೊಣೆ ನಿಂತದ್ದು ಯಾವುದು? ಉಪಾಧ್ಯಾಯರ, ಸರಕಾರಿ ನೌಕರರ ನಿವೃತ್ತಿವೇತನದ ನಿಧಿ! 'ಓಝ್' ಎಂಬ ಮಾಯಾನಗರಿಯ ಕಥೆಯ ಒಂದು ದೊಡ್ಡ ಚಿತ್ರ ಅಲ್ಲಿ ತಯಾರಾಯಿತು. ಅದಕ್ಕೆ ಸರಕಾರ ಕೊಟ್ಟದ್ದು ಸುಮಾರು 4 ಕೋಟಿ. ಅಷ್ಟರಲ್ಲಿ ಹೊಸ ಗವರ್ನರರು ಬಂದು ವಾರ್ಷಿಕ ಮೊತ್ತವನ್ನು ಎರಡೂವರೆ ಕೋಟಿಗೆ ಇಳಿಸಿದರು. 2012ರಲ್ಲಿ ಸ್ಟುಡಿಯೋದವರು ಕಂತು ತಪ್ಪಿಸಿದಾಗ ಆ ನಿಧಿಯೇ ಹಣ ತೆರಬೇಕಾಯಿತು. 2015ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಮೂವತ್ತು ವರ್ಷ ಪಾಠ ಹೇಳಿದವರ ಮುಪ್ಪಿನ ಆಧಾರವನ್ನು ಚಿತ್ರಪಟದ ಜೂಜಿಗೆ ಒತ್ತೆಯಿಟ್ಟವರ ಧೈರ್ಯವನ್ನು ಏನೆಂದು ಕರೆಯೋಣ?

ನಮ್ಮಲ್ಲಿಯೂ ಸಹಾಯಧನವುಂಟು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ 1960ರ ದಶಕದಲ್ಲಿ, ಅವುಗಳನ್ನು ತವರಿಗೆ ಕರೆತರಲು ಮೈಸೂರು ಸರಕಾರವು ಹಣದ ನೆರವನ್ನು ಕೊಡತೊಡಗಿತು. ಅಲ್ಲಿ ಭಾಷೆಯೊಂದರ ಬಾಳ್ವೆಯ ಪ್ರಶ್ನೆಯಿತ್ತು. ಜಾರ್ಜಿಯಾದ ವ್ಯವಹಾರವನ್ನು ಅದರೊಡನೆ ತೂಗುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಕೊಟ್ಟ ಹಣದ ಲೆಕ್ಕ ಕೇಳುವ ಹಕ್ಕು ಮಾತ್ರ ಎರಡೂ ಕಡೆಯ ಗೃಹಸ್ಥರಿಗೆ ಸಮಾನವೇ.

ಒಮ್ಮೆ ಕೊಡಲು ತೊಡಗಿದವರಿಗೆ ನಿಲ್ಲಿಸುವುದು ಸುಲಭವಲ್ಲ. ಮೇರಿಲೆಂಡಿನಲ್ಲಿ ತಯಾರಾಗುತ್ತಿದ್ದ 'ಹೌಸ್ ಆಫ್ ಕಾರ್ಡ್ಸ್' ಎಂಬ ಕಥೆಯ ತಯಾರಕರು, ಇನ್ನಷ್ಟು ಹಣ ಮಂಜೂರಾಗದಿದ್ದರೆ ಬೇರೆ ಕಡೆಗೆ ಹೋಗುವೆವೆಂದು 2014ರಲ್ಲಿ ಗವರ್ನರರಿಗೆ ಬರೆದರು. ಹಾಗೆ ಹೋದರೆ ಅವರ ಸೊತ್ತನ್ನು ಸರಕಾರವೇ ವಶಪಡಿಸಿಕೊಳ್ಳಲಿ ಎಂಬ ತಿದ್ದುಪಡಿಯನ್ನು ಕೆಳಮನೆಯ ಸದಸ್ಯರು ಒಪ್ಪಿದರು! ಕಡೆಗೆ ಹಣವನ್ನೇ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು.

ಚಿತ್ರೋದ್ಯಮದ ತವರಾದ ಕ್ಯಾಲಿಫೋರ್ನಿಯಾವೂ ಇದರಿಂದ ಹೊರತಾಗಿ ಉಳಿಯಲಿಲ್ಲ. ತನ್ನ ಮನೆಯವರನ್ನು ಮನೆಯಲ್ಲಿಯೇ ಇರಿಸಿಕೊಳ್ಳಲು ಅದು 2009ರಲ್ಲಿ ವರ್ಷಕ್ಕೆ 10 ಕೋಟಿ ಡಾಲರಿನಿಂದ ಆರಂಭಿಸಿ, 2014ರ ಕಾನೂನಿನಿಂದ 33 ಕೋಟಿಗೂ, 2025ರಲ್ಲಿ 75 ಕೋಟಿಗೂ ಏರಿಸಿತು. ಅದೇ 2025ರ ಜುಲೈಯಿಂದ ಲೂಸಿಯಾನವು ತನ್ನ ಮಿತಿಯನ್ನು 12 ಕೋಟಿ 50 ಲಕ್ಷಕ್ಕೆ ಇಳಿಸಿಕೊಂಡಿದೆ.