ಪ್ರೆಶರ್ ನಾರ್ಮಲ್ ಅಂದರಷ್ಟೇ ಸಾಲದು

‘ಸಾರ್, ಕ್ಯಾಂಪಿನಲ್ಲಿ ಕಣ್ಣಿನ ಪ್ರೆಶರ್ ನೋಡಿದ್ರು, ನಾರ್ಮಲ್ ಅಂತೆ’ ಎಂದು ಜನ ನನ್ನ ಮೇಜಿನ ಮೇಲೆ ಚೀಟಿ ಇಡುತ್ತಾರೆ. ಅದರಲ್ಲಿ 16 ಎಂದೋ 19 ಎಂದೋ ಗೀಚಿರುತ್ತದೆ. ಯಾವ ಉಪಕರಣದಲ್ಲಿ ನೋಡಿದ್ದು, ಎಷ್ಟು ಹೊತ್ತಿಗೆ ನೋಡಿದ್ದು ಎಂಬುದು ಇರುವುದಿಲ್ಲ. ಕಣ್ಣಿನ ವೈದ್ಯನಾಗಿ ನನ್ನ ತಕರಾರು ಇರುವುದೇ ಇಲ್ಲಿ.

ಕ್ಯಾಂಪಿನಲ್ಲಿ ಹೆಚ್ಚಾಗಿ ಬಳಸುವುದು ಗಾಳಿ ಊದುವ ಯಂತ್ರ. ಫಟ್ಟೆಂದು ಬಡಿದ ಗಾಳಿಗೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಎಷ್ಟು ಬೇಗ ಚಪ್ಪಟೆಯಾಯಿತು ಎಂಬುದರ ಮೇಲೆ ಲೆಕ್ಕ. ಕಣ್ಣು ಮುಟ್ಟಬೇಕಿಲ್ಲ, ಹನಿ ಬೇಡ, ಸಾಲಿನಲ್ಲಿ ನಿಂತವರನ್ನು ಬೇಗ ನೋಡಿ ಮುಗಿಸಬಹುದು. ಆದರೆ ಬೆಚ್ಚಿ ರೆಪ್ಪೆ ಬಿಗಿದರೆ ಅಂಕಿ ಏರುತ್ತದೆ.

ನಾವು ನೆಚ್ಚುವುದು 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹಾನ್ಸ್ ಗೋಲ್ಡ್‌ಮನ್ ರೂಪಿಸಿದ ಟೋನೋಮೀಟರನ್ನು. ಮರಗಟ್ಟಿಸುವ ಹನಿ, ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ಪುಟ್ಟ ಪ್ರಿಸಂ ತಾಗಿಸಿದರೆ ಎರಡು ಹಸಿರು ಅರ್ಧವೃತ್ತಗಳು ಕಾಣುತ್ತವೆ. ರೋಗಿಯ ನಾಡಿಯ ಜೊತೆ ಅವೂ ಮಿಡಿಯುತ್ತಿರುತ್ತವೆ. ಗುಂಡಿ ತಿರುಗಿಸುತ್ತಾ ಎರಡರ ಒಳ ಅಂಚು ಕೂಡಿಸಬೇಕು, ಆಗ 3.06 ಮಿ.ಮೀ. ವ್ಯಾಸದಷ್ಟು ಕಾರ್ನಿಯಾ ಚಪ್ಪಟೆಯಾಗಿರುತ್ತದೆ. ಬಣ್ಣ ಹೆಚ್ಚಾಗಿ ಅಂಚು ದಪ್ಪವಾದರೆ ಅಂಕಿಯೂ ಹೆಚ್ಚು ಬರುತ್ತದೆ. ಕಾಲರ್ ಬಿಗಿಯಾಗಿದ್ದರೆ, ಉಸಿರು ಕಟ್ಟಿದರೆ ಕೂಡ ಅಷ್ಟೇ. ‘ಮೇಲಿನ ಗುಂಡಿ ಬಿಚ್ಚಿ ಯಜಮಾನರೇ, ಉಸಿರಾಡಿ’ ಎಂದು ನಾನು ದಿನವೂ ಹೇಳುವುದು ಇದಕ್ಕೇ.

ಇದೂ ಕಾರ್ನಿಯಾ ಸುಮಾರು ಅರ್ಧ ಮಿ.ಮೀ. ದಪ್ಪವಿದೆ ಎಂದು ನಂಬಿ ಕೊಡುವ ಅಂಕಿ. ತೆಳ್ಳಗಿದ್ದರೆ ಒತ್ತಡ ಕಡಿಮೆ ತೋರಿಸುತ್ತದೆ. ಕನ್ನಡಕ ಬಿಡಲು ಮಾಡುವ ಲಾಸಿಕ್ ಚಿಕಿತ್ಸೆಯಲ್ಲಿ ಕಾರ್ನಿಯಾ ತೆಳ್ಳಗಾಗುವುದರಿಂದ, ಅದನ್ನು ಮಾಡಿಸಿಕೊಂಡವರು ಆ ವಿಷಯ ಪ್ರತಿ ವೈದ್ಯರಿಗೂ ಹೇಳಲೇಬೇಕು.

ಇನ್ನು 10ರಿಂದ 21ರೊಳಗಿದ್ದರೆ ಕ್ಷೇಮ ಎಂಬ ನಂಬಿಕೆ. ಒತ್ತಡ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. 21ರೊಳಗಿದ್ದೂ ಗ್ಲಾಕೋಮಾದಿಂದ ನರ ಸವೆಯುವವರಿದ್ದಾರೆ. ಹೀಗೆ ಹೋದ ದೃಷ್ಟಿ ಮರಳುವುದಿಲ್ಲ, ನೋವೂ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಕಣ್ಣಿನ ನರ ನೋಡದೆ ಅಂಕಿಯೊಂದನ್ನೇ ನೆಚ್ಚಿ ಯಾರನ್ನೂ ಮನೆಗೆ ಕಳಿಸುವುದು ಸರಿಯಲ್ಲ.

ಕ್ಯಾಂಪ್ ನಡೆಸುವವರು ಚೀಟಿಯಲ್ಲಿ ಉಪಕರಣದ ಹೆಸರು, ಸಮಯ ಬರೆಯಲಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ನಲವತ್ತು ದಾಟಿದ್ದರೆ, ಮೆಡಿಕಲ್ ಸ್ಟೋರಿನಿಂದ ಸ್ಟೀರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಂಡಿದ್ದರೆ, ನೀವೇ ಬಾಯಿಬಿಟ್ಟು ಕೇಳಿ: ‘ನರ ನೋಡಿದ್ರಾ ಡಾಕ್ಟ್ರೇ?’